ತಂದೆಯ ಹೆಸರಿಲ್ಲದೆ ಜನನ ಪ್ರಮಾಣಪತ್ರ ಪಡೆಯುವುದು ಹೇಗೆ?

ಮದುವೆಯಾಗಿಲ್ಲ, ತಂದೆಯ ಹೆಸರು ಕೊಡದಿದ್ದರೆ ಪ್ರಮಾಣಪತ್ರ ಕೊಡಲ್ಲ ಅಂತಿದ್ದಾರೆ, ಕೋರ್ಟಿಗೆ ಹೋಗಲೇಬೇಕಾ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ.

2015ರ ಜುಲೈ 6ರ ‘ಎಬಿಸಿ ವಿರುದ್ಧ ದೆಹಲಿ ರಾಜ್ಯ’ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಅವಿವಾಹಿತ ತಾಯಿ ತಾನು ಹೆತ್ತ ಮಗುವಿಗೆ ಜನನ ಪ್ರಮಾಣಪತ್ರ ಕೇಳಿದರೆ ಅಧಿಕಾರಿಗಳು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಮಾತ್ರ ಕೇಳಬಹುದು. ಆ ಪ್ರಕರಣದ ತಾಯಿ ಹೊರಟಿದ್ದು ಉಳಿತಾಯ, ವಿಮೆಗೆ ಮಗನನ್ನು ನಾಮಿನಿ ಮಾಡಲು. ಅಷ್ಟಕ್ಕೇ ಸುಪ್ರೀಂ ಕೋರ್ಟಿನವರೆಗೆ ಅಲೆಯಬೇಕಾಯಿತು.

ಅಫಿಡವಿಟ್‌ನಲ್ಲಿ ನಿಮ್ಮ ಹೆಸರು, ವಿಳಾಸ, ಹೆರಿಗೆಯ ದಿನಾಂಕ, ಆಸ್ಪತ್ರೆ, ಅವಿವಾಹಿತೆ ಎಂಬುದು, ತಂದೆಯ ಕಾಲಂ ಖಾಲಿ ಬಿಡಿ ಎಂಬ ಕೋರಿಕೆ ಇದ್ದರೆ ಸಾಕು. ಅವನು ಯಾರು, ಎಲ್ಲಿದ್ದಾನೆ ಎಂಬ ಕಥೆ ಬೇಡ. ನೋಟರಿ ಮಾಡಿಸಿ, ಡಿಸ್ಚಾರ್ಜ್ ಸಾರಾಂಶ, ತೀರ್ಪಿನ ಪ್ರತಿ ಲಗತ್ತಿಸಿ ಜನನ ನೋಂದಣಿ ಕಚೇರಿಗೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಗುಮಾಸ್ತರು ಬಾಯಿಮಾತಲ್ಲಿ ‘ಆಗಲ್ಲ’ ಅಂದರೆ ಅದಕ್ಕೆ ಬೆಲೆಯಿಲ್ಲ. ಹಿಂಬರಹ (ಬರವಣಿಗೆಯಲ್ಲಿ ಉತ್ತರ) ಕೊಡಿ ಅನ್ನಿ. ಬಹಳಷ್ಟು ಕಡೆ ಈ ಮಾತಿಗೇ ಕೆಲಸ ಆಗುತ್ತದೆ. ಹಿಂಬರಹವನ್ನೇ ಕೊಟ್ಟರೆ, ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಹಾಕಲು ಅದೇ ಆಧಾರ.

ದೊಡ್ಡ ತಪ್ಪು ಆಗುವುದು ಆಸ್ಪತ್ರೆಯಲ್ಲೇ. ಮುಜುಗರಕ್ಕೆ ಅಜ್ಜನ ಅಥವಾ ಮಾವನ ಹೆಸರನ್ನು ತಂದೆಯ ಕಾಲಂನಲ್ಲಿ ಬರೆಸಿಬಿಡುತ್ತಾರೆ. ಆಮೇಲೆ ತಿದ್ದಿಸಲು ಹೊರಟರೆ ಮೊದಲು ಕೊಟ್ಟ ಮಾಹಿತಿಯೇ ಸುಳ್ಳು ಎಂದು ಒಪ್ಪಿಕೊಂಡಂತೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್‌ಗೆಲ್ಲ ಜನ್ಮದಿನಾಂಕದ ಪುರಾವೆ ಜನನ ಪ್ರಮಾಣಪತ್ರ ಒಂದೇ. ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ.

ಪಾಲಕತ್ವದ ಬಗ್ಗೆ: ನೀವು ಹಿಂದೂ ಆಗಿದ್ದರೆ 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ ಕಲಂ 6(ಬಿ) ಪ್ರಕಾರ ವಿವಾಹೇತರ ಮಗುವಿಗೆ ಸಹಜ ಪಾಲಕಿ ತಾಯಿಯೇ, ತಂದೆ ನಂತರ. ಬೇರೆ ಧರ್ಮದವರಾಗಿದ್ದು ಕೋರ್ಟ್ ಆದೇಶ ಬೇಕಾದರೆ ಕೌಟುಂಬಿಕ ನ್ಯಾಯಾಲಯದಲ್ಲಿ ಅರ್ಜಿ ಹಾಕಿ. ತಂದೆಗೆ ನೋಟಿಸ್ ಕಡ್ಡಾಯವಲ್ಲ ಎಂದಿರುವುದೂ ಅದೇ 2015ರ ತೀರ್ಪು.

ಆದರೆ ಅವನಿಂದ ಜೀವನಾಂಶ ಬೇಕೆಂದರೆ ಲೆಕ್ಕ ಬೇರೆ. ಆಗ ಹೆಸರು ಹೇಳಲೇಬೇಕು, ಅವನಿಗೆ ನೋಟಿಸ್ ಹೋಗುತ್ತದೆ, ನಿರಾಕರಿಸಿದರೆ ಡಿಎನ್‌ಎ ಪರೀಕ್ಷೆಯ ಮಾತು ಬರುತ್ತದೆ. ಗುಟ್ಟು, ದುಡ್ಡು ಎರಡನ್ನೂ ಒಟ್ಟಿಗೆ ಕಾಪಾಡಿಕೊಳ್ಳಲಾಗದು. ಯಾವುದು ಬೇಕೋ ಮೊದಲೇ ನಿರ್ಧರಿಸಿ. ವಕೀಲರ ಖರ್ಚಿನ ಚಿಂತೆ ಬೇಡ: ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ.