ಬಾಗಿಲಿಗೆ ಬೇವು ಕಟ್ಟುವ ಹೊತ್ತಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ದಡಾರದ್ದೇ. ಕೆಲವರು ಗೊಬ್ಬರ ಅಂತ ಬರೆದಿದ್ದಾರೆ, ಇನ್ನು ಕೆಲವರು ‘ಅಮ್ಮ ಬಂದಾಳೆ’ ಅಂತ. ಚಳಿ ಇಳಿದು ಬಿಸಿಲು ಏರುವ ಈ ದಿನಗಳು ಅದರ ಹಂಗಾಮು. ಹಾಗಾಗಿ ಹೊಟ್ಟೆಹುಳ, ಹಾಸಿಗೆ ಒದ್ದೆ ಮಾಡುವುದು, ಊಟ ಬಿಡುವುದು ಎಲ್ಲವನ್ನೂ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಬೇಸರ ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನನ್ನ ದೊಡ್ಡ ಮಗನಿಗೆ ಐದು ವರ್ಷ. ಸೋಮವಾರ ಜ್ವರ, ನೆಗಡಿ, ಕೆಮ್ಮು ಬಂತು. ಮೆಡಿಕಲ್ ಶಾಪಿನಿಂದ ಸಿರಪ್ ತಂದು ಕುಡಿಸಿದೆ. ಗುರುವಾರ ಮುಖದ ಮೇಲೆ ಕೆಂಪು ದದ್ದು ಎದ್ದವು. ನಮ್ಮತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಕಿಟಕಿ ಹಾಕಿ, ಒಗ್ಗರಣೆ ನಿಲ್ಲಿಸಿದ್ದಾರೆ. ಆಸ್ಪತ್ರೆಗೆ ಹೋದರೆ ಅಮ್ಮ ಮುನಿಯುತ್ತಾಳಂತೆ. ಮನೆಯಲ್ಲಿ ಏಳು ತಿಂಗಳ ಕೂಸಿದೆ. ಅದಕ್ಕೆ ಅಣ್ಣನ ಹಾಸಿಗೆ ಮುಟ್ಟಗೊಡುತ್ತಿಲ್ಲ. ಇಷ್ಟು ಸಾಕಾ?
– ಒಬ್ಬ ತಾಯಿ, ಮಂಡಕ್ಕಿ ಭಟ್ಟಿ ಬಡಾವಣೆ, ದಾವಣಗೆರೆ

ಉತ್ತರ: ಇದು ವಾಟ್ಸಾಪಿನಲ್ಲಿ ಶುಕ್ರವಾರ ರಾತ್ರಿ ಬಂದದ್ದು. ಆಗಲೇ ಫೋನ್ ಮಾಡಿ ಮಾತಾಡಿದೆ. ಪತ್ರಿಕೆ ಅಚ್ಚಾಗಿ ಬರಲಿ ಅಂತ ಕಾಯುವ ಕಾಯಿಲೆ ಅಲ್ಲ. ಇಲ್ಲಿ ಬರೆಯುತ್ತಿರುವುದು ಇಂಥದೇ ಬಾಗಿಲ ಹಿಂದೆ ಕೂತ ಉಳಿದವರಿಗಾಗಿ.

ಸಾಲದಮ್ಮ. ಆದರೆ ಅತ್ತೆಯವರ ಮೇಲೆ ಸಿಟ್ಟಾಗಬೇಡಿ. ಬಾಗಿಲಲ್ಲಿ ಬೇವು ಕಂಡರೆ ನೆಂಟರು, ಅಕ್ಕಪಕ್ಕದವರು ಹೊಸ್ತಿಲಾಚೆಯೇ ನಿಂತು ಮಾತಾಡಿಸಿ ಹೋಗುತ್ತಾರೆ. ಮೂವತ್ತನಾಲ್ಕು ವರ್ಷ ನಾನು ಚೀಟಿಯಲ್ಲಿ ‘ಮಗುವನ್ನು ಬೇರೆ ಇಡಿ’ ಅಂತ ಗೀಚಿದ್ದಕ್ಕಿಂತ ಆ ಟೊಂಗೆಯೇ ಹೆಚ್ಚು ಕೆಲಸ ಮಾಡಿದೆ. ತೊಂದರೆ ಏನಂದರೆ ಅದನ್ನು ಕಟ್ಟುವುದು ನಾಲ್ಕು ದಿನ ತಡವಾಗಿ. ದದ್ದು ಏಳುವ ನಾಲ್ಕು ದಿನ ಮೊದಲಿಂದ ಹಿಡಿದು ಎದ್ದ ಮೇಲೆ ನಾಲ್ಕು ದಿನದವರೆಗೂ ದಡಾರ ಹರಡುತ್ತದೆ. ನಿಮ್ಮ ಮಗನ ಲೆಕ್ಕವನ್ನೇ ಹಾಕಿ. ಗುರುವಾರ ದದ್ದು; ಅಂದರೆ ಭಾನುವಾರವೇ, ಇನ್ನೂ ಮೈ ಬಿಸಿಯಾಗುವ ಮುಂಚೆಯೇ, ಹಂಚಲು ಶುರುಮಾಡಿದ್ದಾನೆ. ಸೋಮವಾರ, ಮಂಗಳವಾರ ‘ಬರೀ ನೆಗಡಿ’ ಅಂತ ಕೂಸಿನ ಮಗ್ಗುಲಲ್ಲೇ ಮಲಗಿದ್ದ ಅಂತ ನೀವೇ ಹೇಳಿದಿರಿ.

ಅದೂ ಅಲ್ಲದೆ ನೀವು ಹಾಸಿಗೆ ಕಾಯುತ್ತಿದ್ದೀರಿ, ಉಸಿರು ಕಾಯುತ್ತಿಲ್ಲ. ದಡಾರ ಕಾಣುವುದು ಮೈಮೇಲೆ, ಹರಡುವುದು ಮೂಗು ಗಂಟಲಿನಿಂದ. ಕೆಮ್ಮಿದಾಗ, ಸೀನಿದಾಗ ಹೊರಬಿದ್ದದ್ದು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ. ಭಟ್ಟಿ ಕಂಡವರಿಗೆ ಇದನ್ನು ಹೇಳುವುದು ಸುಲಭ. ಒಲೆ ಆರಿಸಿದ ಮೇಲೂ ಹೊಗೆ ಮಾಡಿನ ಕೆಳಗೆ ನಿಂತೇ ಇರುತ್ತಲ್ಲ, ಆಮೇಲೆ ಒಳಗೆ ಬಂದವರ ಕಣ್ಣನ್ನೂ ಉರಿಸುತ್ತಲ್ಲ, ಹಾಗೆ. ದಡಾರದ ಮಗು ಎದ್ದು ಹೋದ ಕೋಣೆಯಲ್ಲಿ ಎರಡು ಗಂಟೆಯವರೆಗೂ ವೈರಸ್ ಉಳಿದಿರಬಹುದು. ಲಸಿಕೆ ಆಗದ, ಹಿಂದೆ ದಡಾರ ಬಾರದ ಹತ್ತು ಜನ ಅಂಥ ಮಗುವಿನ ಹತ್ತಿರ ಇದ್ದರೆ ಒಂಬತ್ತು ಜನಕ್ಕೆ ಅಂಟುತ್ತದೆ. ಫ್ಲೂ ಆಗಲಿ ಕೋವಿಡ್ ಆಗಲಿ ಅಂಟುವುದರಲ್ಲಿ ಇದರ ಸಮಕ್ಕೆ ಬರುವುದಿಲ್ಲ.

ಆದ್ದರಿಂದ ಮೊದಲು ಕಿಟಕಿ ತೆಗೆಯಿರಿ. ಕೋಣೆ ಕತ್ತಲಿರಲಿ ಅಂತ ಹಿರಿಯರು ಹೇಳುವುದು ಸುಮ್ಮನೆ ಅಲ್ಲ. ದಡಾರದಲ್ಲಿ ಕಣ್ಣು ಕೆಂಪಾಗಿ ಬೆಳಕು ಚುಚ್ಚುತ್ತದೆ. ಅದಕ್ಕೆ ಒಂದು ಹಳೆ ಸೀರೆ ಇಳಿಬಿಟ್ಟರಾಯಿತು, ಗಾಳಿಗೆ ಯಾಕೆ ಅಡ್ಡ? ಬೇವಿನ ಟೊಂಗೆಯಲ್ಲಿ ಬೀಸಿದರೆ ನನ್ನ ತಕರಾರಿಲ್ಲ. ಕಣ್ಣಿಗೆ ಸೊಪ್ಪಿನ ರಸ, ಎದೆಹಾಲು ಹಿಂಡುವುದು ಮಾತ್ರ ಬೇಡವೇ ಬೇಡ. ಆರಿಸಿದ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಾಕು.

ಇನ್ನು ನನ್ನದೇ ಒಂದು ತಪ್ಪು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಆಸ್ಪತ್ರೆಯ ಓಪಿಡಿಯಲ್ಲಿ ಹರಿಹರದ ಕಡೆಯ ಹುಡುಗಿಯೊಂದನ್ನು ನೋಡಿದೆ. ಜ್ವರ, ಒಣಕೆಮ್ಮು, ಕಣ್ಣು ಕೆಂಪು. ಹೊರಗೆ ಸಾಲು ಉದ್ದವಿತ್ತು. ಎದೆಗೆ ಸ್ಟೆತ್ ಇಟ್ಟೆ, ಬಾಯಿ ತೆಗೆಸಲಿಲ್ಲ. ನೆಗಡಿ ಅಂತ ಬರೆದು, ‘ರಕ್ತದ ರಿಪೋರ್ಟ್ ಬರೋವರೆಗೆ ಆ ಬೆಂಚಿನ ಮೇಲೆ ಕೂತಿರಿ’ ಅಂದೆ. ಅದೇ ಬೆಂಚಿನಲ್ಲಿ ನಾಲ್ಕಾರು ತಾಯಂದಿರು ಕೂಸು ಎತ್ತಿಕೊಂಡು ಕೂತಿದ್ದರು. ಹನ್ನೊಂದನೇ ದಿನಕ್ಕೆ ಅವರಲ್ಲಿ ಮೂವರು ವಾಪಸ್ ಬಂದರು, ಜ್ವರದ ಕೂಸು ಹೊತ್ತು. ಆ ಬೆಂಚು ನನಗೆ ಇವತ್ತಿಗೂ ನೆನಪಿದೆ, ಹಸಿರು ಬಣ್ಣ, ಒಂದು ಕಾಲು ಗಿಡ್ಡ.

ಅವತ್ತು ಆ ಹುಡುಗಿಯ ಕೆನ್ನೆಯ ಒಳಗೆ ಟಾರ್ಚ್ ಬಿಟ್ಟಿದ್ದರೆ ಬಹುಶಃ ಗೊತ್ತಾಗುತ್ತಿತ್ತು. ಇದನ್ನು ನೀವೂ ಮಾಡಬಹುದು. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ಚಮಚದ ಹಿಡಿಯಿಂದ ಕೆನ್ನೆಯನ್ನು ಮೆಲ್ಲಗೆ ಸರಿಸಿ ಮೊಬೈಲ್ ಬೆಳಕು ಹಾಯಿಸಿ. ದವಡೆ ಹಲ್ಲಿನ ಎದುರಿಗೆ, ಕೆಂಪೇರಿದ ಒಳಗೆನ್ನೆಯ ಮೇಲೆ ಚಿಟಿಕೆ ಸಣ್ಣರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಾಣುತ್ತವೆ. ಒರೆಸಿದರೆ ಹೋಗುವುದಿಲ್ಲ. 1896ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯ ಹೆನ್ರಿ ಕೋಪ್ಲಿಕ್ ಇವುಗಳ ಬಗ್ಗೆ ಬರೆದರು, ಅದಕ್ಕೇ ಕೋಪ್ಲಿಕ್ ಚುಕ್ಕೆ ಅನ್ನುತ್ತೇವೆ. ದದ್ದಿಗಿಂತ ಒಂದೆರಡು ದಿನ ಮುಂಚೆ ಬಂದು, ದದ್ದು ಎದ್ದ ಮೇಲೆ ಮಾಯವಾಗುತ್ತವೆ. ಎಲ್ಲ ಮಕ್ಕಳಲ್ಲೂ ಸಿಗುವುದಿಲ್ಲ. ಕಾಣಲಿಲ್ಲ ಅಂತ ನಿರಾಳರಾಗಬೇಡಿ. ದದ್ದು ಮೊದಲು ಏಳುವುದು ಕಿವಿ ಹಿಂದೆ, ಕೂದಲಂಚಿನಲ್ಲಿ; ಅಲ್ಲಿಂದ ಮುಖ, ಎದೆ, ಹೊಟ್ಟೆ ಇಳಿದು ಮೂರು ದಿನಕ್ಕೆ ಪಾದ ಮುಟ್ಟುತ್ತದೆ. ಸೀತಾಳೆ ಸಿಡುಬಿನಲ್ಲಾದರೆ ನೀರು ತುಂಬಿದ ಗುಳ್ಳೆ ಇರುತ್ತವೆ, ದಡಾರದ ದದ್ದಿನಲ್ಲಿ ನೀರಿಲ್ಲ.

ಅಮ್ಮ ಮುನಿಯುವ ಮಾತು. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: ದಡಾರವನ್ನು ಓಡಿಸುವ ಔಷಧಿ ಡಾಕ್ಟರ ಹತ್ತಿರವೂ ಇಲ್ಲ, ಅದು ಬಂದ ದಾರಿಯಲ್ಲೇ ಹೋಗುತ್ತದೆ. ನಾವು ಆಸ್ಪತ್ರೆಗೆ ಹೋಗುವುದು ಕಣ್ಣು ಮತ್ತು ಶ್ವಾಸಕೋಶ ಉಳಿಸಿಕೊಳ್ಳಲು. ದಡಾರ ಮೈಯಲ್ಲಿರುವ ‘ಎ’ ಜೀವಸತ್ವವನ್ನು ಬಳಿದು ಹಾಕುತ್ತದೆ. ಮೊದಲೇ ಕೊರತೆ ಇದ್ದ ಮಕ್ಕಳು ಕಣ್ಣು ಕಳೆದುಕೊಂಡದ್ದಿದೆ. ಅದಕ್ಕೆ ಸತತ ಎರಡು ದಿನ ವಿಟಮಿನ್ ಎ ಕುಡಿಸುತ್ತಾರೆ: ವರ್ಷ ದಾಟಿದವರಿಗೆ ದಿನಕ್ಕೆ 2 ಲಕ್ಷ ಯೂನಿಟ್, ಆರರಿಂದ ಹನ್ನೊಂದು ತಿಂಗಳವರಿಗೆ 1 ಲಕ್ಷ, ಅದಕ್ಕಿಂತ ಚಿಕ್ಕವರಿಗೆ 50,000. ಅಳತೆ ತಪ್ಪಿದರೆ ವಿಷ, ಅಂಗಡಿಯಿಂದ ತಂದು ನೀವೇ ಹಾಕಬೇಡಿ. ಜ್ವರಕ್ಕೆ ತೂಕ ನೋಡಿ ಪ್ಯಾರಸಿಟಮಾಲ್, ಆಸ್ಪಿರಿನ್ ಕೂಡದು. ಒಗ್ಗರಣೆ ಇಲ್ಲದಿದ್ದರೂ ಸರಿ, ಹೊಟ್ಟೆ ತುಂಬಾ ಕೊಡಿ. ಮೆತ್ತನ್ನ, ಬೇಳೆಕಟ್ಟು, ಎರಡು ಚಮಚ ತುಪ್ಪ. ಪಥ್ಯದ ಹೆಸರಲ್ಲಿ ಮಗುವನ್ನು ಉಪವಾಸ ಕೆಡವಿದ್ದನ್ನು ನೋಡಿ ನೋಡಿ ಸಾಕಾಗಿದೆ ನನಗೆ.

ಉಸಿರು ಎಣಿಸುವುದನ್ನು ಕಲಿಯಿರಿ. ಮಲಗಿದ ಮಗುವಿನ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಹೊಟ್ಟೆ ನೋಡಿ. ವರ್ಷ ತುಂಬಿ ಐದರೊಳಗಿನವರಿಗೆ 40 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳ ಕೂಸಿಗೆ 50 ಅಥವಾ ಹೆಚ್ಚು ಬಂದರೆ ಹೊರಡಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುವುದು, ಕುಡಿದದ್ದು ನಿಲ್ಲದಿರುವುದು, ಎಬ್ಬಿಸಿದರೆ ಏಳದಿರುವುದು, ಫಿಟ್ಸ್, ಕಣ್ಣಿನ ಕರಿಗುಡ್ಡೆ ಮಬ್ಬಾಗುವುದು, ಇವಕ್ಕೂ ಬೆಳಗಾಗಲಿ ಅಂತ ಕಾಯಬೇಡಿ. ಹೋಗುವಾಗ ಮುಂಚೆ ಫೋನ್ ಮಾಡಿ, ಮಗನಿಗೆ ಮಾಸ್ಕ್ ಹಾಕಿ, ಆಸ್ಪತ್ರೆ ಹೊರಗೆ ಮರದ ಕೆಳಗೆ ನಿಂತು ಕರೆಸಿಕೊಳ್ಳಿ. ಬೆಂಚಿನ ಮೇಲೆ ಕೂರಬೇಡಿ.

ಕೂಸಿನ ವಿಷಯ. ತಾಯಿಯಿಂದ ಬಂದ ರಕ್ಷಣೆ ಏಳು ತಿಂಗಳಿಗೆ ಕರಗುತ್ತಾ ಬಂದಿರುತ್ತದೆ, ಲಸಿಕೆಯ ವಯಸ್ಸು ಇನ್ನೂ ಆಗಿರುವುದಿಲ್ಲ. ಆರು ತಿಂಗಳು ದಾಟಿದ ಕೂಸಿಗೆ ಸೋಂಕು ತಗುಲಿದ 72 ಗಂಟೆಯೊಳಗೆ ಲಸಿಕೆ ಕೊಡಲು ಬರುತ್ತದೆ, ಆರು ದಿನದೊಳಗಾದರೆ ಇಮ್ಯುನೋಗ್ಲಾಬ್ಯುಲಿನ್ ಅಂತ ಇನ್ನೊಂದು ಚುಚ್ಚುಮದ್ದಿದೆ. ಇವರದು ಆ ಎರಡನೇ ಗಡಿಯ ಅಂಚಿನಲ್ಲಿತ್ತು. ಅದಕ್ಕೇ ಮರುದಿನ ಬೆಳಿಗ್ಗೆಯೇ ಮಕ್ಕಳ ವೈದ್ಯರ ಹತ್ತಿರ ಕಳಿಸಿದೆ. ಎದೆಹಾಲು ನಿಲ್ಲಿಸಬೇಡಿ. ದೊಡ್ಡವನಿಗೆ ಒಂಬತ್ತು ತಿಂಗಳ ಡೋಸ್ ಆಗಿತ್ತು, ಎರಡನೆಯದು ಬಾಡಿಗೆ ಮನೆ ಬದಲಿಸುವಾಗ ತಪ್ಪಿತ್ತು. ಒಂಬತ್ತು ತಿಂಗಳಲ್ಲಿ ಹಾಕುವ ಒಂದು ಡೋಸ್ ನೂರರಲ್ಲಿ 85 ಮಕ್ಕಳನ್ನು ಕಾಯುತ್ತದೆ. ಉಳಿದ ಹದಿನೈದರಲ್ಲಿ ಇವನೊಬ್ಬ.

ಪ್ರಶ್ನೆ: ನಮ್ಮ ಶಾಲೆಯ ಎರಡನೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ದಡಾರ ಬಂದಿದೆ. ಪೋಷಕರು ರಜೆ ಕೊಡಿ ಅನ್ನುತ್ತಿದ್ದಾರೆ. ಏನು ಮಾಡಲಿ?
– ಮುಖ್ಯ ಶಿಕ್ಷಕರು, ಚಿತ್ರದುರ್ಗ

ಉತ್ತರ: ರಜೆ ಬೇಡ ಮೇಷ್ಟ್ರೇ. ಶಾಲೆ ಮುಚ್ಚಿದರೆ ಮಕ್ಕಳು ಓಣಿಯಲ್ಲಿ ಸೇರುತ್ತಾರೆ, ಅಜ್ಜಿ ಊರಿಗೆ ಹೋಗುತ್ತಾರೆ, ವೈರಸ್ಸಿಗೆ ಬಸ್ ಟಿಕೆಟ್ ಕೊಟ್ಟ ಹಾಗೆ. ಆ ಹುಡುಗ ದದ್ದು ಎದ್ದ ಮೇಲೆ ನಾಲ್ಕು ದಿನ ಪೂರ್ತಿ ಮನೆಯಲ್ಲಿರಲಿ. ಇವತ್ತೇ ಆಶಾ ಕಾರ್ಯಕರ್ತೆಗೆ ಇಲ್ಲವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ–ದದ್ದಿನ ಪ್ರತಿ ಮಗುವನ್ನೂ ಅವರು ದಾಖಲಿಸಿಕೊಳ್ಳುತ್ತಾರೆ, ರಕ್ತದ ಮಾದರಿ ತೆಗೆಯುತ್ತಾರೆ. ಮುಂದಿನ ಮೂರು ವಾರ ಜ್ವರ, ಕೆಮ್ಮು, ಕೆಂಗಣ್ಣು ಇರುವ ಯಾವ ಮಗುವನ್ನೂ ಒಳಗೆ ಕೂರಿಸಬೇಡಿ, ದದ್ದು ಇರಲಿ ಬಿಡಲಿ. ಹಾಜರಿಗೆ ಬಹುಮಾನ ಕೊಡುವ ಪದ್ಧತಿ ನಿಮ್ಮಲ್ಲಿದ್ದರೆ ದಯವಿಟ್ಟು ಈ ತಿಂಗಳು ಬಿಡಿ.

ಆಮೇಲೆ ತಾಯಿ ಕಾರ್ಡ್ ತರಿಸಿ. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ–ರುಬೆಲ್ಲಾ ಲಸಿಕೆ ಹಾಕಿದ್ದರಲ್ಲ, ಶಾಲೆಯಲ್ಲೇ ಸಾಲು ನಿಲ್ಲಿಸಿ? ನಿಮ್ಮ ಎರಡನೇ ತರಗತಿಯವರು ಆಗ ಹುಟ್ಟೇ ಇರಲಿಲ್ಲ. ಲಾಕ್‌ಡೌನಿನಲ್ಲಿ ಎಷ್ಟೋ ಮಕ್ಕಳ ಲಸಿಕೆ ಹಿಂದೆ ಬಿತ್ತು. 2022ರಲ್ಲಿ ಮುಂಬೈ, ರಾಂಚಿ, ಅಹಮದಾಬಾದ್, ಮಲಪ್ಪುರಂನಲ್ಲಿ ದಡಾರ ಎದ್ದಿತು. ದಡಾರ ಓಡಾಡದಂತೆ ತಡೆಯಲು ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಮೂವತ್ತೆಂಟು. ನಿಮ್ಮದರಲ್ಲಿ ಎಷ್ಟು, ಎಣಿಸಿ ನೋಡಿ.

ಪ್ರಶ್ನೆ: ಗುರುವಾರ ಮಗಳಿಗೆ ಒಂಬತ್ತು ತಿಂಗಳ ಇಂಜೆಕ್ಷನ್ ಇತ್ತು. ಕೂಲಿ ಮುಗಿಸಿ ಮೂರು ಗಂಟೆಗೆ ಹೋದರೆ ಸಿಸ್ಟರ್ ‘ಬಾಟಲಿ ಬಿಸಾಕಿದೆ, ಮುಂದಿನ ವಾರ ಬಾ’ ಅಂದರು. ಅರ್ಧ ಬಾಟಲಿ ಮದ್ದು ಉಳಿದದ್ದು ಕಣ್ಣಾರೆ ಕಂಡೆ. ಇದು ಸರಿಯಾ?
– ಜಗಳೂರು ತಾಲ್ಲೂಕಿನಿಂದ

ಉತ್ತರ: ನಿಮ್ಮ ಅರ್ಧ ದಿನದ ಕೂಲಿ ಹೋಯಿತು, ಸಂಕಟ ಅರ್ಥವಾಗುತ್ತೆ. ಆದರೆ ಬಿಸಾಕಿದ್ದು ಸರಿ. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ಅಲ್ಲೇ ದ್ರಾವಣ ಬೆರೆಸುತ್ತಾರೆ. ಬೆರೆಸಿದ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಕೆಡದಂತೆ ಕಾಯುವ ರಾಸಾಯನಿಕ ಇದರಲ್ಲಿಲ್ಲ, ಹೊತ್ತು ಮೀರಿದರೆ ಬ್ಯಾಕ್ಟೀರಿಯಾ ಬೆಳೆದು ಮಗುವಿನ ಜೀವಕ್ಕೇ ಕುತ್ತು. ಮುಂದಿನ ಗುರುವಾರ ಹತ್ತು ಗಂಟೆಗೆ ಹೋಗಿ, ಕೂಲಿಗೆ ತಡವಾಗಿ ಹೋಗಿ. ಹಾಕಿಸಿದ ಏಳೆಂಟು ದಿನಕ್ಕೆ ಮೈ ಬಿಸಿಯಾದರೆ, ನಾಲ್ಕು ಚುಕ್ಕೆ ಎದ್ದರೆ ಗಾಬರಿಯಾಗಬೇಡಿ, ಅದು ಲಸಿಕೆ ಹಿಡಿದ ಗುರುತು. ಎರಡನೆಯದು ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ.

ಪ್ರಶ್ನೆ: ನಾನು ಮೂರು ತಿಂಗಳ ಬಸುರಿ. ಪಕ್ಕದ ಮನೆಯಲ್ಲಿ ದಡಾರ. ಲಸಿಕೆ ಹಾಕಿಸಿಕೊಳ್ಳಲಾ?
– ಹೊನ್ನಾಳಿ

ಉತ್ತರ: ಬೇಡ. ಇದು ಜೀವಂತ ವೈರಸ್ಸಿನ ಲಸಿಕೆ, ಬಸುರಿಯರಿಗೆ ಕೊಡುವುದಿಲ್ಲ. ಆ ಮನೆಗೆ ಹೋಗಬೇಡಿ, ನಿಮ್ಮ ಹೆರಿಗೆ ಡಾಕ್ಟರಿಗೆ ನಾಳೆಯೇ ತಿಳಿಸಿ.

ಪ್ರಶ್ನೆ: ಮೊಮ್ಮಗಳಿಗೆ ಎಂಟು ತಿಂಗಳು. ಹುಟ್ಟಿದಾಗ ಬಹಳ ಕಷ್ಟವಾಗಿತ್ತು, ದುಗ್ಗಮ್ಮನ ಜಾತ್ರೆಗೆ ಕರೆತಂದು ಬೇವಿನುಡುಗೆ ಉಡಿಸುತ್ತೇನೆ ಅಂತ ಹರಕೆ ಹೊತ್ತಿದ್ದೇನೆ. ಸೊಸೆ ಬೇಡ ಅನ್ನುತ್ತಾಳೆ.
– ಒಬ್ಬ ಅಜ್ಜಿ, ಚನ್ನಗಿರಿ

ಉತ್ತರ: ಅಜ್ಜೀ, ಈ ಸಲ ಸೊಸೆ ಮಾತು ಕೇಳಿ. ಆ ನೂಕುನುಗ್ಗಲಲ್ಲಿ ಯಾರ ಮಗು ಕೆಮ್ಮುತ್ತಿದೆ ಅಂತ ಹುಡುಕಲಾಗುತ್ತದೆಯೇ? ನೀವೊಬ್ಬರೇ ಹೋಗಿ ಕಾಯಿ ಒಡೆಸಿಕೊಂಡು ಬನ್ನಿ. ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ ತಾನೆ. ಬರುವ ಜಾತ್ರೆಗೆ ಮೊಮ್ಮಗಳಿಗೆ ಎರಡು ವರ್ಷ ಎಂಟು ತಿಂಗಳಾಗಿರುತ್ತೆ, ಎರಡೂ ಡೋಸ್ ಮುಗಿದಿರುತ್ತೆ, ಬೇವಿನುಡುಗೆ ಉಟ್ಟು ತಾನೇ ನಡೆದು ಬರುತ್ತಾಳೆ.