ಹಳೇ ಕಲ್ಲು ಕಂಬಕ್ಕೆ ಆಸಿಡ್ ಹಾಕ್ಬೇಡಿ

ಪ್ರಶ್ನೆ: ತಾತನ ಕಾಲದ ತೊಟ್ಟಿ ಮನೆ ಕೆಡವಿಸಿ, ಕೆತ್ತನೆ ಇರೋ ಕಲ್ಲು ಕಂಬ ಮಾತ್ರ ಉಳಿಸ್ಕೊಂಡಿದೀವಿ. ಮೇಲೆ ಸುಣ್ಣ, ಆಯಿಲ್ ಪೇಂಟ್ ದಪ್ಪಗೆ ಕೂತಿದೆ. ಆಸಿಡ್ ವಾಶ್ ಮಾಡಿ ಪಾಲಿಶ್ ಹೊಡೆಸಿದ್ರೆ ಹೊಸದಾಗುತ್ತೆ ಅಂತಾರೆ ಮೇಸ್ತ್ರಿ. ಮಾಡಿಸ್ಲಾ?

ಬೇಡ, ಖಂಡಿತ ಬೇಡ. ಇದೇ ಪ್ರಶ್ನೆ ಮತ್ತೆ ಮತ್ತೆ ಬರ್ತಿದೆ, ಎಷ್ಟೋ ಜನ ಆಸಿಡ್ ಹಾಕಿಸಿ ಆದ್ಮೇಲೆ ಕೇಳ್ತಾರೆ, ಆಗ ನಾನೇನ್ ಮಾಡ್ಲಿ? ಗ್ರಾನೈಟಿನ ಕಪ್ಪು ಚುಕ್ಕೆಗಳಲ್ಲಿ ಕಬ್ಬಿಣ ಇರುತ್ತೆ, ಆಸಿಡ್ ತಾಗಿದ್ರೆ ಅದು ಬಿಟ್ಕೊಂಡು ಕಂಬದ ತುಂಬಾ ತುಕ್ಕಿನ ಹಳದಿ ಕಲೆ, ಅದನ್ನ ತೆಗೆಯೋದು ಪೇಂಟ್ ತೆಗೆಯೋದಕ್ಕಿಂತ ಕಷ್ಟ. ಬಳಪದ ಕಲ್ಲಂತೂ ಉಗುರಲ್ಲೇ ಗೀರು ಬೀಳೋಷ್ಟು ಮೆತ್ತಗೆ, ಗ್ರೈಂಡರ್ ತಾಗಿಸಿದ್ರೆ ಮುಗೀತು. ಕಂಬದಲ್ಲಿ ಕೆತ್ತಿರೋ ಪದ್ಮದ ಎಸಳುಗಳ ಸಂದಿಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ, ಸಣ್ಣ ಸಣ್ಣ ಗೆರೆ ಕಾಣುತ್ತೆ, ಅದು ಕೆತ್ತಿದವನ ಉಳಿ ಗುರುತು. ಪಾಲಿಶ್ ಅಂದ್ರೆ ಅದನ್ನೇ ಉಜ್ಜಿ ಹಾಕೋದು.

ಸುಣ್ಣ ಚೆನ್ನಾಗಿ ನೀರಲ್ಲಿ ನೆನೆಸಿ ಬಿದಿರು ಕಡ್ಡೀಲಿ ನಿಧಾನಕ್ಕೆ ಕೆರೆದ್ರೆ ಬರುತ್ತೆ. ಆಯಿಲ್ ಪೇಂಟಿಗೆ ಜೆಲ್ ಥರದ ಪೇಂಟ್ ರಿಮೂವರ್, ಗಾಳಿ ಆಡೋ ಕಡೆ, ಗ್ಲೌಸ್ ಹಾಕ್ಕೊಂಡು, ಮೊದಲು ಕಾಣದ ಮೂಲೇಲಿ ಸ್ವಲ್ಪ ಟ್ರೈ ಮಾಡಿ. ನೈಲಾನ್ ಬ್ರಷ್ ಸಾಕು, ತಂತಿ ಬ್ರಷ್ ಚೂರು ಕಲ್ಲಲ್ಲೇ ಉಳಿದು ತುಕ್ಕು ಹಿಡಿಯುತ್ತೆ. ಹಳೇ ಪೇಂಟಲ್ಲಿ ಸೀಸ ಇರಬಹುದು, ಒಣಗಿದ್ದನ್ನ ಉಜ್ಜಿ ಧೂಳೆಬ್ಬಿಸ್ಬೇಡಿ, ಮಕ್ಕಳನ್ನ ದೂರ ಇಡಿ. ಸಂದೀಲಿ ಒಂಚೂರು ಬಣ್ಣ ಉಳಿದ್ರೆ ಉಳೀಲಿ ಬಿಡಿ. ಆಮೇಲೆ ವಾರ್ನಿಶ್ ಮಾತ್ರ ಹೊಡೀಬೇಡಿ, ಕೆಳಗಿಂದ ಏರೋ ತೇವ ಆಚೆ ಹೋಗೋಕಾಗದೆ ಒಳಗೇ ಉಪ್ಪು ಕಟ್ಟಿ ಮೇಲ್ಪದರ ಹಕ್ಕಳೆ ಏಳುತ್ತೆ.

ಪ್ರಶ್ನೆ: ತಟ್ಟಿದ್ರೆ ಗಂಟೆ ಥರ ಸದ್ದು ಬಂದ್ರೆ ಅಸಲಿ ಆಂಟಿಕ್ಕಾ?

ಸುಳ್ಳು. ಬಿರುಕಿಲ್ಲದ ಗಟ್ಟಿ ಕಲ್ಲು ನಿನ್ನೆ ಕೆತ್ತಿದ್ದಾದ್ರೂ ಹಾಗೇ ಸದ್ದು ಮಾಡುತ್ತೆ. ಹೊಸ ಕಂಬಕ್ಕೆ ಟೀ ಡಿಕಾಕ್ಷನ್, ಎಣ್ಣೆ ಬಳಿದು ಇನ್ನೂರು ವರ್ಷದ್ದು ಅಂತ ಮಾರೋ ಮೋಸಗಾರರಿದಾರೆ, ಹುಷಾರು. ಸವೆತ ನೋಡಿ. ಕೈ ತಾಗೋ, ಬೆನ್ನು ಒರಗೋ ಕಡೆ ಜಾಸ್ತಿ ಸವೆದಿರ್ಬೇಕು, ಎಲ್ಲಾ ಕಡೆ ಒಂದೇ ಸಮ ಸವೆದಿದ್ರೆ ದುಡ್ಡು ಕೊಡ್ಬೇಡಿ.

ಪ್ರಶ್ನೆ: ನೂರು ವರ್ಷ ದಾಟಿದ ಕಂಬ ಅಮೆರಿಕದಲ್ಲಿರೋ ಮಗನಿಗೆ ಕಳಿಸ್ಬಹುದಾ?

ಆಗಲ್ಲ. ಕಟ್ಟಡದಿಂದ ಬಿಚ್ಚಿದ 100 ವರ್ಷದ ವಸ್ತುವೂ 1972ರ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆ ಪ್ರಕಾರ ಪ್ರಾಚೀನ ವಸ್ತುವೇ, ಖಾಸಗಿಯವರು ರಫ್ತು ಮಾಡಿದ್ರೆ 6 ತಿಂಗಳಿಂದ 3 ವರ್ಷ ಜೈಲು.

ಪ್ರಶ್ನೆ: ಬೇರೆಯವರ ಮನೆ ಹೊಸ್ತಿಲು ಕಲ್ಲು ತಂದ್ರೆ ದೋಷವಾ?

ಯಾವ ದೋಷನೂ ಇಲ್ಲ, ಬಿರುಕಿದ್ಯಾ ಅಂತ ನೋಡ್ಕೊಂಡು ತನ್ನಿ.