ವಿಕ್ಟೋರಿಯಾ ಜಲಪಾತವೊಂದೇ ಸಾಕೇ, ಗ್ರೇಟ್ ಜಿಂಬಾಬ್ವೆಗೂ ಹೋಗಬೇಕೇ?

ಜೂನ್‌ನಲ್ಲಿ ಜಿಂಬಾಬ್ವೆಗೆ ಹೊರಟಿದ್ದೇನೆ, ವಿಕ್ಟೋರಿಯಾ ಜಲಪಾತ ನೋಡಿದರೆ ಸಾಲದೇ, ಹಳೆಯ ಕಲ್ಲುಗೋಡೆಗಳಿಗಾಗಿ ದೇಶದ ಇನ್ನೊಂದು ಮೂಲೆಗೆ ಹೋಗಬೇಕೇ ಎಂದು ಕೇಳಿದ್ದೀರಿ. ಹೋಗಲೇಬೇಕು. ಜಲಪಾತದ ಬಳಿ ಉಳಿಯುವ ಒಂದು ದಿನವನ್ನು ಬಿಟ್ಟುಕೊಟ್ಟಾದರೂ ಹೋಗಿ. ಕೆಲಸದ ಮೇಲೆ ಹರಾರೆಯಲ್ಲಿದ್ದ ಕಾಲದಲ್ಲಿ ಎರಡನ್ನೂ ನೋಡಿದ್ದೇನೆ. ಇಂದಿಗೂ ನನ್ನನ್ನು ಕಾಡುವುದು ಆ ಗೋಡೆಗಳೇ.

ಜಲಪಾತಕ್ಕೆ ನೀವು ಆರಿಸಿಕೊಂಡ ತಿಂಗಳು ಒಳ್ಳೆಯದು. ಏಪ್ರಿಲ್ ಹೊತ್ತಿಗೆ ಜಾಂಬೆಜಿ ನದಿ ಉಕ್ಕಿ ಹರಿಯುವಾಗ ಮೇಲೇಳುವ ತುಂತುರಿನಲ್ಲಿ ಎದುರಿಗಿರುವ ನೀರೇ ಮರೆಯಾಗುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಗಡಿಯಾಚೆಯ ಜಾಂಬಿಯಾ ಕಡೆಯ ಬಂಡೆಗಳು ಬಹುಪಾಲು ಬರಿದಾಗಿರುತ್ತವೆ. ಜೂನ್‌ನಲ್ಲಿ ನೀರಿನ ರಭಸಕ್ಕೆ ಕೊರತೆಯಿಲ್ಲ, ನೋಟವೂ ತೆರೆದುಕೊಂಡಿರುತ್ತದೆ. ಸುಮಾರು 1,700 ಮೀಟರ್ ಅಗಲಕ್ಕೆ ಹರಡಿಕೊಂಡ ನದಿ ನೂರು ಮೀಟರಿಗೂ ಹೆಚ್ಚು ಆಳದ ಇಕ್ಕಟ್ಟಾದ ಕಂದರಕ್ಕೆ ಬೀಳುತ್ತದೆ. ಅದರ ಬಹುಭಾಗ ಕಾಣುವುದು ಜಿಂಬಾಬ್ವೆ ಕಡೆಯಿಂದಲೇ. ಪಶ್ಚಿಮ ತುದಿಯಲ್ಲಿರುವ ‘ಡೆವಿಲ್ಸ್ ಕ್ಯಾಟರಾಕ್ಟ್’ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಕೆಳಗಿನ ಕಪ್ಪು ಬಸಾಲ್ಟ್ ಶಿಲೆಯ ಬಿರುಕುಗಳನ್ನು ಕೊರೆಯುತ್ತಾ ಜಲಪಾತ ಹಿಂದೆ ಹಿಂದೆ ಸರಿದುಬಂದಿದೆ. ಕೆಳಗೆ ಅಂಕುಡೊಂಕಾಗಿ ಕಾಣುವ ಕಂದರಗಳೆಲ್ಲ ಒಂದೊಂದು ಕಾಲದಲ್ಲಿ ಜಲಪಾತದ ಅಂಚುಗಳಾಗಿದ್ದವು. ಮುಂದಿನ ಅಂಚು ಈ ತುದಿಯಲ್ಲಿ ಈಗಾಗಲೇ ಕೊರೆಯಲ್ಪಡುತ್ತಿದೆ. ಮಳೆಯಂಗಿ ಮರೆಯಬೇಡಿ.

ಇನ್ನು ಗ್ರೇಟ್ ಜಿಂಬಾಬ್ವೆ. ಮಸ್ವಿಂಗೊ ಪಟ್ಟಣದಿಂದ ಅರ್ಧ ಗಂಟೆಯ ದಾರಿ. ಇಂದಿನ ಶೋನಾ ಜನರ ಪೂರ್ವಜರು 11ರಿಂದ 15ನೇ ಶತಮಾನದವರೆಗೆ ಕಟ್ಟಿ ಬಾಳಿದ ರಾಜಧಾನಿ ಅದು. ಅಲ್ಲಿ ‘ಮಹಾ ಆವರಣ’ (ಗ್ರೇಟ್ ಎನ್‌ಕ್ಲೋಷರ್) ಎನ್ನುವ ಕಲ್ಲುಕಟ್ಟಡದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವೆಡೆ 11 ಮೀಟರ್. ಇಷ್ಟು ದೊಡ್ಡ ಗೋಡೆಯಲ್ಲಿ ಒಂದು ಹಿಡಿ ಗಾರೆಯೂ ಇಲ್ಲ! ಆ ಪ್ರದೇಶದ ಗ್ರಾನೈಟ್ ಬಂಡೆಗಳು ಬಿಸಿಲಿಗೂ ಚಳಿಗೂ ಹಿಗ್ಗಿ ಕುಗ್ಗಿ ತಾವಾಗಿಯೇ ಪದರು ಪದರಾಗಿ ಏಳುತ್ತವೆ. ಆ ಹಲಗೆಗಳನ್ನು ಇಟ್ಟಿಗೆಯಾಕಾರಕ್ಕೆ ಒಡೆದು, ಸಾಲಿನ ಮೇಲೆ ಸಾಲು ಕೂರಿಸಿ, ಮೇಲೇರಿದಂತೆ ಗೋಡೆಯನ್ನು ತುಸು ಒಳಕ್ಕೆ ವಾಲಿಸಿದ್ದಾರೆ. ಒಳಗೆ, ಒಬ್ಬರ ಹಿಂದೆ ಒಬ್ಬರು ನಡೆಯಬೇಕಾದಷ್ಟು ಕಿರಿದಾದ ಓಣಿಯೊಂದು ಎತ್ತರದ ಎರಡು ಗೋಡೆಗಳ ನಡುವೆ ಬಾಗುತ್ತಾ ಸಾಗಿ ಶಂಕುವಿನಾಕಾರದ ಗೋಪುರದ ಬಳಿಗೆ ಒಯ್ಯುತ್ತದೆ. ಗೋಪುರ ಒಳಗೂ ಕಲ್ಲೇ, ಪೂರ್ತಿ ಗಟ್ಟಿ. ನಿಧಿಯ ಆಸೆಗೆ ಅಗೆದವರಿಗೆ ಏನೂ ಸಿಕ್ಕಲಿಲ್ಲ.

ಇದನ್ನು ಆಫ್ರಿಕನ್ನರೇ ಕಟ್ಟಿದರೆಂದು ಒಪ್ಪಿಕೊಳ್ಳದಿರಲು ಹೊರಗಿನವರು ಎಷ್ಟು ಹಟ ಮಾಡಿದರೆಂಬುದನ್ನು ತಿಳಿದುಕೊಂಡೇ ಅಲ್ಲಿಗೆ ಹೋಗಿ. 1871ರಲ್ಲಿ ಬಂದ ಜರ್ಮನಿಯ ಕಾರ್ಲ್ ಮೌಖ್, ಬಾಗಿಲ ತೊಲೆಯ ಮರದ ಚೂರು ತನ್ನ ಪೆನ್ಸಿಲಿನ ಮರದಂತೆಯೇ ಇದೆ, ಆದ್ದರಿಂದ ಇದು ಲೆಬನಾನಿನ ದೇವದಾರು, ಆದ್ದರಿಂದ ಇದು ಶೀಬಾ ರಾಣಿಯ ಅರಮನೆ ಎಂದು ತೀರ್ಮಾನಿಸಿದ. ನಂತರ ಮೇಲ್ವಿಚಾರಕನಾಗಿ ನೇಮಕಗೊಂಡ ರಿಚರ್ಡ್ ಹಾಲ್, ಆಫ್ರಿಕನ್ನರ ವಾಸದ ಕುರುಹುಗಳಿದ್ದ ಮಣ್ಣಿನ ಪದರಗಳನ್ನು ಕಸವೆಂದು ಬಗೆದು ಎತ್ತಿ ಹೊರಗೆ ಹಾಕಿಸಿದ. ಆ ಮಣ್ಣಿನ ಜತೆ ಹೋದ ಸಾಕ್ಷ್ಯ ಮರಳಿ ಬರುವುದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1905ರಲ್ಲಿ ಉತ್ಖನನ ನಡೆಸಿದ ರ‍್ಯಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್, ಇಬ್ಬರೂ ಇದು ಆಫ್ರಿಕನ್ನರ ಕೆಲಸವೆಂದು ಸ್ಪಷ್ಟವಾಗಿ ತೋರಿಸಿಕೊಟ್ಟರು. ಆದರೂ ಆಗ ರೊಡೇಷಿಯಾ ಎನಿಸಿಕೊಂಡಿದ್ದ ಈ ದೇಶದ ಬಿಳಿಯರ ಸರ್ಕಾರಕ್ಕೆ ಆ ಸತ್ಯ ಬೇಡವಾಗಿತ್ತು. ಅದನ್ನೇ ಹೇಳುತ್ತಿದ್ದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ ಹುದ್ದೆ ತೊರೆದು ದೇಶ ಬಿಡಬೇಕಾಯಿತು. 1980ರಲ್ಲಿ ಸ್ವತಂತ್ರವಾದ ದೇಶ ಈ ಊರಿನ ಹೆಸರನ್ನೇ ತನ್ನ ಹೆಸರಾಗಿಸಿಕೊಂಡದ್ದು ಏಕೆಂದು ನಿಮಗೀಗ ಅರ್ಥವಾಗಿರಬಹುದು.

ಬಳಪದ ಕಲ್ಲಿನಲ್ಲಿ ಕಡೆದ ಹಕ್ಕಿಗಳನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನೋಡಿ. ರಾಷ್ಟ್ರಧ್ವಜದ ಮೇಲಿರುವುದು ಇದೇ ಹಕ್ಕಿ. ಹಲವು ಹಕ್ಕಿಗಳನ್ನು ಹೊರಗೆ ಸಾಗಿಸಲಾಗಿತ್ತು. ದಕ್ಷಿಣ ಆಫ್ರಿಕಾದಿಂದ ಕೆಲವು 1981ರಲ್ಲಿ ಹಿಂದಿರುಗಿದವು, ಜರ್ಮನಿಯಲ್ಲಿದ್ದ ಒಂದು ತುಂಡು 2003ರಲ್ಲಿ. ಚೀನಾದ ಪಿಂಗಾಣಿ, ಪರ್ಷಿಯಾದ ಮಡಕೆ, ಪೂರ್ವ ಆಫ್ರಿಕಾ ಕರಾವಳಿಯ ಕಿಲ್ವಾದ ನಾಣ್ಯ, ಗಾಜಿನ ಮಣಿಗಳೂ ಇಲ್ಲಿ ಸಿಕ್ಕಿವೆ. ಇಲ್ಲಿನ ಚಿನ್ನ ಮತ್ತು ದಂತ ಸೊಫಾಲಾ ಬಂದರಿನ ಮೂಲಕ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸೇರುತ್ತಿದ್ದವು. ನಮ್ಮ ಪಶ್ಚಿಮ ಕರಾವಳಿಯ ಬಂದರುಗಳೂ ಅದೇ ಸಮುದ್ರದ ವಹಿವಾಟಿನಲ್ಲಿದ್ದವು.

ದಾರಿಯ ವಿಚಾರ. ಜಲಪಾತದಿಂದ ಬುಲವಾಯೊಗೆ ಸುಮಾರು 440 ಕಿ.ಮೀ., ಅಲ್ಲಿಂದ ಮಸ್ವಿಂಗೊಗೆ ಸುಮಾರು 280. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಬುಲವಾಯೊದಲ್ಲಿ ತಂಗಿದರೆ ಚೌಕುಳಿ ವಿನ್ಯಾಸದ ಗೋಡೆಗಳಿರುವ ಖಾಮಿ ಅವಶೇಷಗಳೂ, ಒಂದರ ಮೇಲೊಂದು ನಿಂತ ಬಂಡೆಗಳ ಮಟೊಬೊ ಬೆಟ್ಟಗಳೂ ಹತ್ತಿರದಲ್ಲಿವೆ. ಮಟೊಬೊದ ಗುಹೆಗಳಲ್ಲಿ ಸಾನ್ ಜನರ ಪ್ರಾಚೀನ ಚಿತ್ರಗಳಿವೆ. ಕೈಯಲ್ಲಿ ಸಣ್ಣ ಮುಖಬೆಲೆಯ ಅಮೆರಿಕನ್ ಡಾಲರ್ ನೋಟುಗಳಿರಲಿ, ಚಿಲ್ಲರೆ ಸಿಗುವುದು ಕಷ್ಟ. ಜೂನ್‌ನಲ್ಲಿ ಅಲ್ಲಿ ಚಳಿಗಾಲ, ಬೆಳಗಿನ ಹೊತ್ತಿಗೆ ಸ್ವೆಟರ್ ಬೇಕಾಗುತ್ತದೆ. ಗ್ರೇಟ್ ಜಿಂಬಾಬ್ವೆಯಲ್ಲಿ ಸ್ಥಳೀಯ ಮಾರ್ಗದರ್ಶಕರೊಬ್ಬರನ್ನು ಜತೆಗೆ ಕರೆದುಕೊಳ್ಳಿ; ಬೆಳಿಗ್ಗೆ ಮೊದಲು ಬೆಟ್ಟದ ಮೇಲಿನ ಕಟ್ಟಡಗಳಿಗೆ ಹತ್ತಿ, ಕೆಳಗಿನ ಮಹಾ ಆವರಣವನ್ನು ಸಂಜೆಗೆ ಇಟ್ಟುಕೊಳ್ಳಿ.